ಸ್ಟೀಲ್ ಹೆಸರು ಆಮೇಲೆ ನೋಡಿ, ಮೊದಲು ಲಾಕ್ ನೋಡಿ

ಜೇಬಿನಲ್ಲಿ ಇಟ್ಟುಕೊಳ್ಳಲು ಮಧ್ಯಮ ಬೆಲೆಯ ಮಡಚುವ ಚಾಕು ಬೇಕು, ಡಿ2 ಸ್ಟೀಲ್ ಇದ್ದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಕಾಗಲ್ಲ. ನಾನೂ ಹಾಗೇ ಅಂದುಕೊಂಡು ಒಂದು ತಗೊಂಡಿದ್ದೆ. ಅಲಗಿನ ಮೇಲೆ ಸ್ಟೀಲಿನ ಹೆಸರು ದೊಡ್ಡದಾಗಿ ಕೊರೆದಿತ್ತು. ಮೂರನೇ ವಾರ ದಪ್ಪ ರಟ್ಟಿಗೆ ಸಿಕ್ಕಿಕೊಂಡ ಅಲಗನ್ನು ಸ್ವಲ್ಪ ತಿರುಚಿ ಎಳೆದೆ, ತೆರೆದ ಅಲಗು ಮಡಚದಂತೆ ಹಿಡಿದಿಡುವ ಲಾಕ್ ಜಾರಿತು, ಅಲಗು ನೇರ ತೋರುಬೆರಳಿನ ಮೇಲೆ ಮಡಚಿಕೊಂಡಿತು. ಗಾಯದ ಗೆರೆ ಇನ್ನೂ ಇದೆ. ಸ್ಟೀಲ್ ಮಾತ್ರ ಚೆನ್ನಾಗಿಯೇ ಇತ್ತು!

ಈ ಬೆಲೆಯಲ್ಲಿ ಜಾಸ್ತಿ ಸಿಗುವುದು ಲೈನರ್ ಲಾಕ್. ಚಾಕು ತೆರೆದಾಗ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ನಿಧಾನವಾಗಿ ತೆರೆದು ಅದನ್ನೇ ದಿಟ್ಟಿಸಿ ನೋಡಿ. ಪಟ್ಟಿ ಬುಡದ ಅಂಚಿಗೆ ಸುಮ್ನೆ ತಾಗಿ ನಿಂತಿದ್ದರೆ ಬೇಡ. ಹೊಸದರಲ್ಲೇ ಆಚೆ ತುದಿ ಮುಟ್ಟಿದ್ದರೂ ಬೇಡ, ಸವೆದಾಗ ಸರಿಯಲು ಜಾಗ ಇರುವುದಿಲ್ಲ. ಆಮೇಲೆ ಅಲಗಿನ ಬೆನ್ನು ಹಿಡಿದು ಅಲ್ಲಾಡಿಸಿ. ಎಡಕ್ಕೂ ಬಲಕ್ಕೂ ಚೂರು ಆಡಿದರೆ ಚಿಂತೆ ಬೇಡ, ಅಲಗು ತಿರುಗುವ ಕೀಲಿನ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ. ಮೇಲಕ್ಕೂ ಕೆಳಕ್ಕೂ ಆಡಿದರೆ ಲಾಕೇ ಸರಿ ಕೂತಿಲ್ಲ ಎಂದರ್ಥ, ಅದನ್ನು ಸ್ಕ್ರೂ ಸರಿಮಾಡಲ್ಲ. ಆನ್‌ಲೈನ್‌ನಲ್ಲಿ ತಗೊಳ್ಳುವುದಾದರೆ ವಾಪಸ್ ಮಾಡಲು ಆಗುವ ಕಡೆಯೇ ತಗೊಳ್ಳಿ.

ಇನ್ನು ಅಲಗಿನ ಹರಿತ ಅಂಚಿನ ಹಿಂದಿನ ದಪ್ಪ. ಎಷ್ಟೋ ಚಾಕುಗಳ ಅಲಗು 4 ಮಿಲಿಮೀಟರ್ ದಪ್ಪ, ನೋಡಲು ಗಟ್ಟಿಮುಟ್ಟು. ರಟ್ಟಿಗೆ ಹಾಕಿದರೆ ಕತ್ತರಿಸುವ ಬದಲು ಕೊಡಲಿಯ ಹಾಗೆ ಸೀಳುತ್ತದೆ. ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಸ್ಟೀಲ್ ಮೆತ್ತಗಿನದು, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಆದರೆ ಅಲಗು ತೆಳು, ಸಲೀಸಾಗಿ ಕೊಯ್ಯುತ್ತದೆ. ಬೇಗ ಮೊಂಡಾಗುತ್ತದೆ ನಿಜ, ಎರಡು ನಿಮಿಷ ಮಸೆದರೆ ಮತ್ತೆ ಹರಿತ.

ಡಿ2 ಕೆಟ್ಟದ್ದೇನಲ್ಲ. ಹರಿತ ಬಹಳ ದಿನ ನಿಲ್ಲುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಒಂದು ಪಾಲು ಇಂಗಾಲದ ಜೊತೆ ಸೇರಿಬಿಡುವುದರಿಂದ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಬೆವರು ತಾಗಿ ಹಾಗೇ ಬಿಟ್ಟರೆ ಕಲೆ ಬೀಳುತ್ತದೆ. ಸಾಧಾರಣ ಕಲ್ಲಿನಲ್ಲಿ ಮಸೆಯುವುದೂ ತಲೆನೋವು. ಅದೇ ಬೆಲೆಗೆ 14ಸಿ28ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲಿನದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ತುಕ್ಕಿನ ಕಾಟ ಕಡಿಮೆ, ಬೇಗ ಹರಿತವೂ ಆಗುತ್ತದೆ.

ಹೆಸರು ಹೇಳಲೇಬೇಕು ಅಂದರೆ ಆಂಟೇರಿಯೊ ರ್‍ಯಾಟ್ 2, ಇಲ್ಲವೇ ಸಿವಿವಿ ಬ್ರ್ಯಾಂಡಿನ ತೆಳು ಅಲಗಿನ ಯಾವುದಾದರೂ ಒಂದು. ಅಷ್ಟೂ ಖರ್ಚು ಬೇಡ ಅಂದರೆ ಒಪಿನೆಲ್ 8ನೇ ನಂಬರ್. ಮರದ ಹಿಡಿ, 8.5 ಸೆಂಟಿಮೀಟರ್ ಅಲಗು, ಹಿಡಿಯ ಕುತ್ತಿಗೆಯ ಉಂಗುರ ತಿರುಗಿಸಿದರೆ ಲಾಕ್. 1955ರಿಂದ ಬಂದ ಉಂಗುರ ಅದು! ಮರ ನೆನೆದರೆ ಉಬ್ಬಿ ತೆರೆಯಲು ಬಿಗಿಯಾಗುತ್ತದೆ, ಒಣಗಿದ ಮೇಲೆ ಸರಿಹೋಗುತ್ತದೆ.

ಅಲಗಿನ ಉದ್ದಕ್ಕೂ ಲಾಕ್‌ಗೂ ಒಂದೊಂದು ಕಡೆ ಒಂದೊಂದು ಕಾನೂನು, ಕೊಳ್ಳುವ ಮೊದಲು ನೋಡಿಕೊಳ್ಳಿ. ಇರುವ ದುಡ್ಡನ್ನೆಲ್ಲ ಚಾಕುವಿಗೇ ಸುರಿಯಬೇಡಿ, ಒಂದು ಮಸೆಗಲ್ಲಿಗೆ ಉಳಿಸಿ. ನಾನು ಕಲ್ಲು ತಂದದ್ದು ಮೂರನೇ ಚಾಕು ಕೊಂಡ ಮೇಲೆ. ಮೊದಲೆರಡು ಮೊಂಡಾಗಿದ್ದವು ಅಷ್ಟೆ, ಕೆಟ್ಟಿರಲಿಲ್ಲ.