ಮಾರಿದ ಮೇಲೆ ಸೀಳುವ ಗಾಜು

ಪ್ರಶ್ನೆ: ದಾವಣಗೆರೆಯಲ್ಲಿ ಪುಟ್ಟ ಗಾಜಿನ ಸ್ಟುಡಿಯೊ ಇಟ್ಟಿದ್ದೇನೆ. ಬಾಟಲಿ, ಕಿಟಕಿ ಗಾಜು ಸೇರಿಸಿ ಕರಗಿಸಿದ ತಟ್ಟೆಗಳು ಮೇಳದಲ್ಲಿ ಮಾರಿದ ವಾರಕ್ಕೇ ಸೀಳುತ್ತಿವೆ. ಯಾಕೆ?

ಉತ್ತರ: ಬೆರಕೆಯೇ ತಪ್ಪು. ಎರಡೂ ತಣ್ಣಗಾಗುವಾಗ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಜಗ್ಗಾಟ ಒಳಗೇ ಉಳಿಯುತ್ತದೆ. ಒಂದು ತಟ್ಟೆಗೆ ಒಂದೇ ಹಾಳೆಯ ಗಾಜು ಬಳಸಿ. ಕಿಟಕಿ ಗಾಜಾದರೆ, ಬಿಸಿ ಇಳಿಯುವಾಗ ಸುಮಾರು 540 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ಆಮೇಲೆ ನಿಧಾನಕ್ಕೆ ಇಳಿಸಿ. ನಾನೂ ದೀಪಾವಳಿ ಆರ್ಡರ್ ಅಂತ ಆತುರಪಟ್ಟು 200 ಡಿಗ್ರಿಯಲ್ಲೇ ಕುಲುಮೆಯ ಮುಚ್ಚಳ ತೆಗೆದಿದ್ದೆ. ಒಂಬತ್ತು ಬಟ್ಟಲು ಹೋದವು. ಆ ಟಣ್ ಸದ್ದು ಈಗಲೂ ಕಿವಿಯಲ್ಲಿದೆ!

ಮಾರುವ ಮುಂಚೆ ಲ್ಯಾಪ್‌ಟಾಪ್‌ನ ಬಿಳಿ ಪರದೆ ಮುಂದೆ ತಟ್ಟೆ ಹಿಡಿದು, ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ತಂಪು ಕನ್ನಡಕದಲ್ಲಿ ನೋಡಿ. ಕನ್ನಡಕ ತಿರುಗಿಸಿ ಪರದೆ ಕಪ್ಪಾದಾಗಲೂ ಗಾಜಿನಲ್ಲಿ ಬೆಳಕಿನ ಕಲೆ ಕಂಡರೆ, ಒಳಗೆ ಜಗ್ಗಾಟ ಉಳಿದಿದೆ ಅಂತ ಅರ್ಥ, ಅದನ್ನು ಮಾರಬೇಡಿ. ಕಾರ್ಯಾಗಾರದ ಮಕ್ಕಳಿಗೂ ತೋರಿಸಿ, ಪಾಠಕ್ಕಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ.