ನುಡಿ ಫೈಲು, ಹಳೇ ಕಂಪ್ಯೂಟರ್, ಲಿನಕ್ಸ್: ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿ. ಕಂಪ್ಯೂಟರ್ ಹಳೇದು, ವಿಂಡೋಸ್ 10 ಇದೆ. ಇದಕ್ಕೆ 11 ಹಾಕಲು ಬರಲ್ಲ, ಹೊಸದು ತಗೊಳ್ಳಿ ಅಂತಾರೆ ರಿಪೇರಿಯವರು. ಆಫೀಸ್ ಬೇಕಾದರೆ ಕ್ರ್ಯಾಕ್ ಹಾಕಿಕೊಡ್ತಾರಂತೆ. ದುಡ್ಡೂ ಕೊಡದೆ, ಕಳ್ಳ ಕಾಪಿಯೂ ಇಲ್ಲದೆ ನಡೆಸಬಹುದಾ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕರಾರುಪತ್ರ, ಅರ್ಜಿಗಳ ಗತಿ ಏನು? (ಸಾಗರದ ಓದುಗರು)

ಉತ್ತರ: ಖಂಡಿತ ನಡೆಸಬಹುದು. ಆದರೆ ಒಂದೇ ದಿನ ಎಲ್ಲಾ ಬದಲಾಯಿಸಲು ಹೋಗಬೇಡಿ, ಅಂಗಡಿ ನಡೀಬೇಕಲ್ವಾ.

ಕ್ರ್ಯಾಕ್ ಮಾತು ಮೊದಲು ಬಿಡಿ. ಗಿರಾಕಿಗಳ ಆಧಾರ್, ಪಾನ್, ಪಹಣಿ ಎಲ್ಲಾ ನಿಮ್ಮ ಕಂಪ್ಯೂಟರಿಗೇ ಬರುತ್ತವೆ. ಕ್ರ್ಯಾಕ್ ಹಾಕುವವರು ಆಂಟಿವೈರಸ್ ಆಫ್ ಮಾಡಿಯೇ ಶುರು ಮಾಡ್ತಾರೆ, ಅದರೊಳಗೆ ಏನಿದೆ ಅಂತ ಹಾಕಿಕೊಟ್ಟವರಿಗೂ ಗೊತ್ತಿರಲ್ಲ. ಊರಿನವರು ನಂಬಿ ಕೊಟ್ಟ ಕಾಗದಪತ್ರ ಅದು.

ಈಗಿರುವ ವಿಂಡೋಸಿನಲ್ಲೇ ಲಿಬ್ರೆಆಫೀಸ್ ಹಾಕಿಕೊಳ್ಳಿ. ಪೂರ್ತಿ ಉಚಿತ. ವರ್ಡ್ ಬದಲು ರೈಟರ್, ಎಕ್ಸೆಲ್ ಬದಲು ಕ್ಯಾಲ್ಕ್, ಪವರ್‌ಪಾಯಿಂಟ್ ಬದಲು ಇಂಪ್ರೆಸ್. ಒಂದೆರಡು ತಿಂಗಳು ಅದರಲ್ಲೇ ಕೆಲಸ ಮಾಡಿ, ಕೈ ಕೂರಲಿ. ಸೆಟ್ಟಿಂಗ್ಸಿನ ಲೋಡ್/ಸೇವ್ ಭಾಗಕ್ಕೆ ಹೋಗಿ ಫೈಲ್ ಯಾವಾಗಲೂ ಡಾಕ್ಸ್ (ವರ್ಡ್ ಫೈಲಿನ ಮಾದರಿ) ಆಗಿಯೇ ಸೇವ್ ಆಗುವಂತೆ ಮಾಡಿಬಿಡಿ. ಇಲ್ಲದಿದ್ದರೆ ಲಿಬ್ರೆಆಫೀಸಿನದೇ ಮಾದರಿಯಾದ ಒಡಿಟಿ ಅಂತ ಸೇವ್ ಆಗುತ್ತದೆ, ಮೇಲ್‌ನಲ್ಲಿ ಪಡೆದವರು "ಫೈಲ್ ಓಪನ್ ಆಗ್ತಿಲ್ಲ" ಅಂತ ಫೋನ್ ಮಾಡಿಯಾರು.

ಇನ್ನು ನುಡಿ ಫೈಲು. ನಿಜವಾದ ಕೆಲಸ ಇರುವುದು ಇಲ್ಲೇ. ಹಳೇ ನುಡಿ, ಬರಹ ಫಾಂಟುಗಳಲ್ಲಿ ನೀವು ಕನ್ನಡದ 'ಕ' ಟೈಪ್ ಮಾಡಿದರೆ ಫೈಲಿನ ಒಳಗೆ ಕೂರುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಒಂದು ಎ. ಅದನ್ನು ಕನ್ನಡದ ಹಾಗೆ ತೋರಿಸುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟ ತುಂಬಾ ಗಜಿಬಿಜಿ. ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್; ಅದಕ್ಕೆ ಹೋಗಿ ಅಥವಾ ಹೋಗದೇ ಇರಿ, ಇವನ್ನು ಯುನಿಕೋಡ್‌ಗೆ (ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಪದ್ಧತಿ) ಬದಲಾಯಿಸಿಕೊಳ್ಳುವುದು ಒಳ್ಳೆಯದು. ಕನ್ವರ್ಟರುಗಳು ಪುಕ್ಕಟೆ ಸಿಗುತ್ತವೆ. ಎಲ್ಲಾ ಫೈಲು ಬೇಡ, ಪದೇ ಪದೇ ಬೇಕಾಗುವ ನಮೂನೆಗಳು ಸಾಕು. ಒಂದು ಎಚ್ಚರಿಕೆ: ಮಧ್ಯೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೂ ಕನ್ನಡವಾಗಿ ಕೆಟ್ಟುಹೋಗುತ್ತದೆ, ಪಾನ್ ನಂಬರಿನ ಅಕ್ಷರಗಳು ಸಹ. ಒತ್ತಕ್ಷರ, ಅರ್ಕಾವೊತ್ತು ಕೂಡ ಕಣ್ಣಿಟ್ಟು ನೋಡಿ. ಕರಾರುಪತ್ರದಲ್ಲಿ ಒಂದು ಹೆಸರು ತಪ್ಪಿದರೂ ರಗಳೆ.

ಇಷ್ಟಾದ ಮೇಲೆ ಲಿನಕ್ಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಬೇಕೆಂದರೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇರಬೇಕು, ಪ್ರೊಸೆಸರೂ ಹೊಸದಿರಬೇಕು, ಅದಕ್ಕೇ ನಿಮ್ಮದರಲ್ಲಿ ಹಿಡಿಸುತ್ತಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ, ಸುಮ್ನೆ ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮಿನಲ್ಲಿ ಆರಾಮಾಗಿ ಓಡುತ್ತದೆ. 8 ಜಿಬಿ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ ನೋಡಿ, ಹಾರ್ಡ್ ಡಿಸ್ಕ್ ಮುಟ್ಟುವುದೇ ಇಲ್ಲ. ನಿಮ್ಮ ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವಾ ಅಂತ ಆಗಲೇ ನೋಡಿಕೊಳ್ಳಿ. ಎಚ್‌ಪಿ ಪ್ರಿಂಟರ್ ಸಾಮಾನ್ಯವಾಗಿ ತೊಂದರೆ ಕೊಡಲ್ಲ, ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಡ್ರೈವರ್ ಕೂರಿಸಲು ಸ್ವಲ್ಪ ಒದ್ದಾಡಬೇಕು. ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಕಗಪ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ. ಗುಬ್ಬಿ, ನವಿಲು ಅಂತ ಚೆಂದದ ಮುಕ್ತ ಕನ್ನಡ ಫಾಂಟುಗಳೂ ಇವೆ.

ಟ್ಯಾಲಿ, ಪೇಜ್‌ಮೇಕರ್ ಇಲ್ಲದೆ ಆಗಲ್ಲ ಅನ್ನುವುದಾದರೆ ವಿಂಡೋಸ್ ಪೂರ್ತಿ ಅಳಿಸಬೇಡಿ, ಪಕ್ಕದಲ್ಲಿ ಇಟ್ಟುಕೊಂಡು ಆ ಕೆಲಸಕ್ಕಷ್ಟೇ ತೆರೆಯಿರಿ.

ಪ್ರಶ್ನೆ: ನಾನು ಬಿ.ಕಾಂ. ಓದುತ್ತಿದ್ದೇನೆ. ಮನೆಯಲ್ಲಿ ಲಿಬ್ರೆಆಫೀಸ್ ಕಲಿತರೆ ಕೆಲಸಕ್ಕೆ ಹೋದಾಗ ಕಷ್ಟ ಆಗುತ್ತಾ? (ಕೊಪ್ಪಳದ ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ. ಸಮ್, ಇಫ್, ವಿಲುಕಪ್, ಪಿವಟ್ ಟೇಬಲ್ ಎಲ್ಲಾ ಕ್ಯಾಲ್ಕಿನಲ್ಲೂ ಇವೆ. ಮೆನು ಇರುವ ಜಾಗ ಬೇರೆ, ಲೆಕ್ಕ ಅದೇ. ಎಕ್ಸೆಲ್ ಮ್ಯಾಕ್ರೋಗಳು ಮಾತ್ರ ಇಲ್ಲಿ ಎಲ್ಲವೂ ಓಡಲ್ಲ, ಅದಕ್ಕೆ ಕಾಲೇಜ್ ಲ್ಯಾಬ್ ಬಳಸಿಕೊಳ್ಳಿ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ನಮ್ಮ ಶಾಲೆಗಳಲ್ಲೂ ಹಾಗೇ ಆಗಬೇಕು ಅನ್ನುವ ಆಸೆ ನನಗೆ ತುಂಬಾ ಇದೆ.

ಪ್ರಶ್ನೆ: ಇವತ್ತು ಬಿಟ್ಟಿ, ನಾಳೆ ದುಡ್ಡು ಕೇಳಿದರೆ? (ಮಂಡ್ಯದ ಓದುಗರು)

ಉತ್ತರ: ಕೇಳಿದರೂ ನೀವು ಸಿಕ್ಕಿಬೀಳಲ್ಲ. ಲಿಬ್ರೆಆಫೀಸಿನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹಿಂದೆ ಇದು ಓಪನ್‌ಆಫೀಸ್ ಆಗಿತ್ತು, ಸನ್ ಮೈಕ್ರೋಸಿಸ್ಟಮ್ಸ್ ಕೈಯಲ್ಲಿತ್ತು. 2010ರಲ್ಲಿ ಸನ್ ಕಂಪನಿಯನ್ನು ಆರಾಕಲ್ ಕೊಂಡಿತು. ಮುಂದೇನೋ ಅಂತ ಆತಂಕ ಆದಾಗ, ಅದೇ ವರ್ಷ ಓಪನ್‌ಆಫೀಸಿಗಾಗಿ ದುಡಿಯುತ್ತಿದ್ದವರು ಕೋಡ್ ತಗೊಂಡು ಹೊರಬಂದು ಲಿಬ್ರೆಆಫೀಸ್ ಅಂತ ಶುರು ಮಾಡಿದರು. ಈಗ ನೋಡಿಕೊಳ್ಳುತ್ತಿರುವುದು ಡಾಕ್ಯುಮೆಂಟ್ ಫೌಂಡೇಶನ್. ನೀವು ಮಾತ್ರ ಲಿಬ್ರೆಆಫೀಸ್ ಡಾಟ್ ಆರ್ಗ್ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ.