ಮೂರು ಗಡ್ಡೆ ಕುಯ್ದು ನೋಡಿದರೆ ಸಾಕೇ?

ಪ್ರಶ್ನೆ: ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ 20 ಗಡ್ಡೆಯ ಮಂಕರಿಯಿಂದ ಮೂರನ್ನು ತೆಗೆದು ಕುಯ್ದು ನೋಡಿದೆವು, ಮೂರೂ ಚೆನ್ನಾಗಿದ್ದವು. ಮನೆಗೆ ತಂದು ಎಲ್ಲವನ್ನೂ ಕುಯ್ದಾಗ ನಾಲ್ಕು ಒಳಗೆ ಕೊಳೆತಿದ್ದವು. ಮೂರೂ ಒಳ್ಳೆಯವೇ ಸಿಗುವ ಸಂಭವ 51 ಪರ್ಸೆಂಟ್ ಎಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ, ಅವಳ ಲೆಕ್ಚರರ್ 49 ಅಂದರಂತೆ. ಯಾವುದು ಸರಿ?
– ಓದುಗರು, ಶಾಂತಿಗ್ರಾಮ, ಹಾಸನ ತಾಲ್ಲೂಕು

ಉತ್ತರ: 49 ಸರಿ. ಕುಯ್ದ ಗಡ್ಡೆ ಮತ್ತೆ ಮಂಕರಿಗೆ ಹೋಗುವುದಿಲ್ಲವಲ್ಲ, ಲೆಕ್ಕದ ಗುಟ್ಟು ಅಲ್ಲೇ ಇದೆ.

ಮೊದಲನೆಯದು ಒಳ್ಳೆಯದಾಗುವ ಸಂಭವನೀಯತೆ 16/20. ಅದು ಹೋದ ಮೇಲೆ ಮಂಕರಿಯಲ್ಲಿ 19, ಒಳ್ಳೆಯವು 15, ಆದ್ದರಿಂದ 15/19. ಮೂರನೆಯದಕ್ಕೆ 14/18. ಮೂರನ್ನೂ ಗುಣಿಸಿದರೆ 3360/6840, ಅಂದರೆ 0.491. ಮಗಳು ಪ್ರತಿ ಸಲವೂ 16/20 ಇಟ್ಟು 0.512 ತಂದಿದ್ದಾಳೆ. ಗಡ್ಡೆಯನ್ನು ಮರಳಿ ಹಾಕಿ ಕಲಸಿ ತೆಗೆಯುವ ಆಟಕ್ಕೆ ಅದು ಸರಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ‘ಕನಿಷ್ಠ ಒಂದಾದರೂ ಕೊಳೆತದ್ದು’ ಎಂದು ಕೇಳಿದರೆ ಹಲವರು 4/20, 4/19, 4/18 ಕೂಡಿಸಿ 0.633 ಬರೆಯುತ್ತಾರೆ. 4/19 ಸಲ್ಲುವುದು ಮೊದಲನೆಯದು ಒಳ್ಳೆಯದಾದರೆ ಮಾತ್ರ, 4/18 ಮೊದಲೆರಡೂ ಒಳ್ಳೆಯವಾದರೆ ಮಾತ್ರ; ಹಾಗೇ ಕೂಡಿಸುವಂತಿಲ್ಲ. 1ರಿಂದ 0.491 ಕಳೆಯಿರಿ: 0.509. ಸರಿಯಾಗಿ ಒಂದೇ ಕೊಳೆತದ್ದು ಬೇಕಾದರೆ 4×16×15/6840 ಅನ್ನು 3ರಿಂದ ಗುಣಿಸಬೇಕು, ಏಕೆಂದರೆ ಆ ಕೆಟ್ಟದ್ದು ಮೊದಲು, ನಡುವೆ, ಕೊನೆಗೆ ಎಲ್ಲಿ ಬೇಕಾದರೂ ಬರಬಹುದು. ಉತ್ತರ 0.421. ಪರೀಕ್ಷೆಯಲ್ಲಿ ಈ 3 ಮರೆತೇ ಅಂಕ ಹೋಗುವುದು.

ಮೊದಲನೆಯದನ್ನು ನೋಡದೆ ಪಕ್ಕಕ್ಕಿಟ್ಟರೆ ಎರಡನೆಯದು ಕೊಳೆತಿರುವ ಸಂಭವ ಎಷ್ಟು? 4/20ವೇ, ಬದಲಾಗದು. ಕುಯ್ದು ನೋಡಿ ಒಳ್ಳೆಯದೆಂದು ತಿಳಿದರೆ ಮಾತ್ರ 4/19.

ಮಂಕರಿಯ ಬದಲು ಮೂಟೆಯಲ್ಲಿ 1000 ಗಡ್ಡೆ, 200 ಕೊಳೆತವು ಎಂದಿಟ್ಟುಕೊಳ್ಳಿ: ಮೂರೂ ಒಳ್ಳೆಯವೇ ಸಿಗುವ ಸಂಭವ 0.5116 ಬರುತ್ತದೆ. ಆಗ ಮಗಳ ಸುಲಭದ ಲೆಕ್ಕವೇ ಸಾಕು.

ನಿಮ್ಮ ವ್ಯಾಪಾರದ ಮಾತಿಗೆ ಬಂದರೆ, ಮೂರು ತೀರಾ ಕಡಿಮೆ. ಆ ಮಂಕರಿಯಲ್ಲಿ 6 ಕುಯ್ದರೂ ಒಂದೂ ಕೊಳೆತದ್ದು ಕಣ್ಣಿಗೆ ಬೀಳದಿರುವ ಸಂಭವ 0.207 ಉಳಿಯುತ್ತದೆ, 9 ಕುಯ್ದರೆ 0.068. ಮೇಲಿನ ಪದರದಿಂದಲೇ ಆರಿಸಿಕೊಂಡರೆ ಇವು ಯಾವುವೂ ನಿಲ್ಲವು. ಮೊದಲು ಮಂಕರಿಯನ್ನು ಗೋಣಿಯ ಮೇಲೆ ಸುರಿಸಿ, ಕಲಸಿ, ಆಮೇಲೆ ಕೈ ಹಾಕಿ.